ಬೆರಳಲ್ಲಿ 98, ಪಾದದಲ್ಲಿ ಎಷ್ಟು?

ಕೋವಿಡ್ ಬಂದು ಹೋದ ಮೇಲೆ ಮನೆಮನೆಯ ಔಷಧಿ ಡಬ್ಬಿಯಲ್ಲಿ ಥರ್ಮಾಮೀಟರಿನ ಪಕ್ಕಕ್ಕೆ ಇನ್ನೊಂದು ವಸ್ತು ಕಾಯಂ ಆಗಿ ಬಂದು ಕೂತಿದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಂತೆ ಬೆರಳನ್ನು ಕಚ್ಚಿ ಹಿಡಿಯುವ ಆಕ್ಸಿಮೀಟರ್ ಅದು. ಅಜ್ಜಿಗೆ ಸುಸ್ತೆಂದರೆ ಹೊರಬರುತ್ತದೆ, ಅಪ್ಪನಿಗೆ ಕೆಮ್ಮೆಂದರೆ ಹೊರಬರುತ್ತದೆ. ಪರದೆಯ ಮೇಲೆ 97, 98 ಕಂಡರೆ ಎಲ್ಲರಿಗೂ ಸಮಾಧಾನ. ಅಲ್ಲಿಯವರೆಗೆ ಸರಿಯೇ. ತೊಂದರೆ ಶುರುವಾಗುವುದು ಅದೇ 98ನ್ನು ಅದು ಉತ್ತರಿಸದ ಪ್ರಶ್ನೆಗೂ ಉತ್ತರವೆಂದು ನಂಬಿದಾಗ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರ ಕಾಲಿನ ಕಿರುಬೆರಳು ಕಪ್ಪಿಡುತ್ತಿರುತ್ತದೆ, ಗಾಯ ಮೂರು ವಾರವಾದರೂ ಒಣಗಿರುವುದಿಲ್ಲ. ಕೈಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ‘ಆಕ್ಸಿಜನ್ ಚೆನ್ನಾಗೇ ಇದೆಯಲ್ಲ’ ಎಂದು ಮನೆಯವರು ಇನ್ನೊಂದು ವಾರ ಕಾಯುತ್ತಾರೆ. ಆ ಒಂದು ವಾರದಲ್ಲಿ ಬೆರಳು ಹೋಗಬಹುದು. ಪಾದವೂ ಹೋಗಬಹುದು.

ಕಾಲುವೆ ನೀರಾವರಿ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಜಲಾಶಯ ತುಂಬಿದೆ, ತೂಬು ಎತ್ತಿದ್ದಾರೆ, ನೀರು ತಿಳಿಯಾಗಿದೆ. ಆದರೂ ಕಾಲುವೆಯ ಕೊನೆಯಂಚಿನ ರೈತನ ಗದ್ದೆ ಬಿರುಕು ಬಿಟ್ಟಿರುತ್ತದೆ, ಏಕೆಂದರೆ ನಡುವೆ ಎಲ್ಲೋ ಹೂಳು ತುಂಬಿದೆ. ಕೈಬೆರಳಿನ ಆಕ್ಸಿಮೀಟರ್ ಹೇಳುವುದು ಜಲಾಶಯದ ನೀರಿನ ಗುಣ ಎಂಥದು ಎಂಬುದನ್ನು: ಶ್ವಾಸಕೋಶದಿಂದ ಹೊರಟ ರಕ್ತ ತನ್ನ ಪಾಲಿನ ಆಮ್ಲಜನಕ ಹೊತ್ತುಕೊಂಡಿದೆಯೇ ಇಲ್ಲವೇ ಎಂದು. ಆ ರಕ್ತ ಕಾಲಿನ ಕಿರುಬೆರಳಿಗೆ ಮುಟ್ಟಿತೇ, ಮುಟ್ಟಿದ್ದು ಅಲ್ಲಿನ ಜೀವಕೋಶಗಳಿಗೆ ಸಾಕಾಯಿತೇ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೂ ಬೆಳಕಿನಿಂದಲೇ ಉತ್ತರ ಹುಡುಕುವ ಸಾಧನಗಳಿವೆ. ಕೆಲವು ದಶಕಗಳಿಂದ ಆಸ್ಪತ್ರೆಗಳಲ್ಲಿವೆ, ಕೆಲವು ಈಗಷ್ಟೇ ಪ್ರಯೋಗಾಲಯದಿಂದ ಹೊರಗೆ ಕಾಲಿಡುತ್ತಿವೆ. ಯಾವುದು ಏನನ್ನು ಅಳೆಯುತ್ತದೆ, ಯಾವುದನ್ನು ಎಷ್ಟು ನಂಬಬೇಕು, ಮನೆಯವರು ವೈದ್ಯರ ಹತ್ತಿರ ಏನು ಕೇಳಬೇಕು ಎಂಬುದು ರೋಗಿಯ ಜೊತೆ ಓಡಾಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ವಿಷಯ.

ಬೆಳಕು ರಕ್ತವನ್ನು ಓದುವ ಬಗೆ

ಕರೆಂಟು ಹೋದ ರಾತ್ರಿ ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿ, ಬೆರಳುಗಳ ಅಂಚು ಕೆಂಡದಂತೆ ಹೊಳೆಯುವುದನ್ನು ನೋಡದೆ ಬೆಳೆದ ಮಕ್ಕಳು ಕಡಿಮೆ. ಟಾರ್ಚಿನ ಬಿಳಿ ಬೆಳಕಿನಲ್ಲಿ ನೀಲಿ, ಹಸಿರು ಎಲ್ಲವೂ ಇರುತ್ತವೆ. ಅವನ್ನು ರಕ್ತ ಹೀರಿಕೊಂಡುಬಿಡುತ್ತದೆ, ಕೆಂಪು ಮಾತ್ರ ತೂರಿ ಈಚೆ ಬರುತ್ತದೆ. ಮೂಳೆಯ ಆಕಾರ ಮಾತ್ರ ಕಾಣುವುದಿಲ್ಲ. ಮಾಂಸದೊಳಗೆ ಹೊಕ್ಕ ಬೆಳಕು ನೇರ ದಾರಿ ಹಿಡಿಯದೆ, ಘಾಟಿಯ ಮಂಜಿನಲ್ಲಿ ಲಾರಿಯ ಹೆಡ್‌ಲೈಟು ಚದುರುವಂತೆ ಎಲ್ಲ ದಿಕ್ಕಿಗೂ ಚದುರಿಹೋಗುತ್ತದೆ.

ಸುಮಾರು 650ರಿಂದ 950 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ, ಅಂದರೆ ಕಡುಗೆಂಪು ಮತ್ತು ಅದರಾಚೆ ಕಣ್ಣಿಗೆ ಕಾಣದ ಅವಗೆಂಪಿಗೆ, ದೇಹ ಒಂದು ಕಿಟಕಿ ತೆರೆದಿಟ್ಟಿದೆ. ಅದಕ್ಕಿಂತ ಕೆಳಗಿನ ಬೆಳಕನ್ನು ರಕ್ತ ನುಂಗುತ್ತದೆ, ಮೇಲಿನದನ್ನು ನೀರು ನುಂಗುತ್ತದೆ. ಈ ಕಿಟಕಿಯಲ್ಲೇ ಹಿಮೋಗ್ಲೋಬಿನ್ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 660 ನ್ಯಾನೋಮೀಟರಿನ ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ, 940ರ ಅವಗೆಂಪನ್ನು ಹೆಚ್ಚು ಹೀರುತ್ತದೆ. ಆಮ್ಲಜನಕ ಕಳಚಿಕೊಂಡದ್ದು ಇದಕ್ಕೆ ತಿರುವುಮುರುವು. ಗಾಯದಿಂದ ಚಿಮ್ಮುವ ಅಪಧಮನಿಯ ರಕ್ತ ಕುಂಕುಮದಂತಿದ್ದು, ತಪಾಸಣೆಗೆಂದು ಸಿರಿಂಜಿನಲ್ಲಿ ಎಳೆದ ಅಭಿಧಮನಿಯ ರಕ್ತ ನೇರಳೆಹಣ್ಣಿನ ಬಣ್ಣಕ್ಕಿರುವುದು ಇದೇ ಕಾರಣಕ್ಕೆ. ಎರಡು ಬಣ್ಣದ ಬೆಳಕು ಹಾಯಿಸಿ, ಎಷ್ಟೆಷ್ಟು ಉಳಿದು ಬಂತೆಂದು ಅಳೆದರೆ ಯಾವ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಲೆಕ್ಕ ಹಾಕಬಹುದು.

ಹೇಳಲು ಇಷ್ಟು ಸುಲಭ. ಆದರೆ ಬೆರಳಲ್ಲಿ ಚರ್ಮವಿದೆ, ಮೂಳೆಯಿದೆ, ಅಭಿಧಮನಿಯ ರಕ್ತವೂ ಇದೆ, ಎಲ್ಲವೂ ಬೆಳಕು ನುಂಗುತ್ತವೆ. ಅಪಧಮನಿಯ ಪಾಲನ್ನು ಬೇರೆ ಮಾಡುವುದು ಹೇಗೆ? ಜಪಾನಿನ ನಿಹೋನ್ ಕೊಹ್ಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೊಯಾಗಿ 1970ರ ದಶಕದ ಆರಂಭದಲ್ಲಿ ಹುಡುಕುತ್ತಿದ್ದದ್ದು ಇದನ್ನಲ್ಲ. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ತಳ್ಳುತ್ತಿದೆ ಎಂದು ಅಳೆಯಲು ಅವರು ಹೆಣಗುತ್ತಿದ್ದರು. ನಾಡಿಯ ಮಿಡಿತ ಅವರ ಗೆರೆಯನ್ನು ಪ್ರತಿ ಸಲವೂ ಅಲುಗಾಡಿಸಿ ಕೆಡಿಸುತ್ತಿತ್ತು. ಕಾಟ ಕೊಡುತ್ತಿದ್ದ ಆ ಅಲುಗಾಟದಲ್ಲೇ ಉತ್ತರವಿದೆ ಎಂದು ಅವರಿಗೆ ಹೊಳೆಯಿತು. ಮಿಡಿಯುವುದು ಅಪಧಮನಿಯ ರಕ್ತ, ಉಳಿದದ್ದೆಲ್ಲ ಸ್ಥಿರ. ಹಾಗಾದರೆ ಸ್ಥಿರವಾದದ್ದನ್ನು ಕಳೆದು, ಮಿಡಿಯುವ ಪಾಲನ್ನು ಮಾತ್ರ ಎರಡು ಬಣ್ಣಗಳಲ್ಲಿ ಹೋಲಿಸಿದರಾಯಿತು. 1974ರಲ್ಲಿ ಅವರು ಇದನ್ನು ಮಂಡಿಸಿದರು. ಇಂದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಕೇಳುವ ‘ಬೀಪ್ ಬೀಪ್’ನ ಹಿಂದಿರುವುದು ಆ ತರ್ಕ. ಅಯೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್ 18ರಂದು, ಜಗತ್ತಿಗೆ ಜಗತ್ತೇ ಅವರ ಸಾಧನಕ್ಕಾಗಿ ಔಷಧಿ ಅಂಗಡಿಗಳ ಮುಂದೆ ಸಾಲು ನಿಂತಿದ್ದ ವರ್ಷ.

ಆ ಜಾಣತನದಲ್ಲೇ ಆಕ್ಸಿಮೀಟರಿನ ಮಿತಿಯೂ ಅಡಗಿದೆ. ಅದಕ್ಕೆ ಮಿಡಿತ ಬೇಕು. ರಕ್ತಸಂಚಾರ ಕುಗ್ಗಿದಾಗ ಮಿಡಿತವೂ ಸಣ್ಣದಾಗುತ್ತದೆ, ಅಂಕಿ ತೊನೆಯತೊಡಗುತ್ತದೆ, ಕೊನೆಗೆ ಎರಡು ಅಡ್ಡಗೆರೆ ಉಳಿಯುತ್ತವೆ. ರಕ್ತ ಕಡಿಮೆಯಾದ ಅಂಗಕ್ಕೇ ಅದರ ನೆರವು ಹೆಚ್ಚು ಬೇಕಿದ್ದರೂ ಅಲ್ಲೇ ಅದು ಕೈಬಿಡುತ್ತದೆ. ಇನ್ನೊಂದು ಕಡೆ, ಹನಿಹನಿಯಾಗಿ ಬರುವ ರಕ್ತವೂ ಪೂರ್ತಿ ಆಮ್ಲಜನಕ ಹೊತ್ತೇ ಬರುತ್ತದೆ. ಹಾಗಾಗಿ ಕ್ಲಿಪ್ಪನ್ನು ಕಾಲಿನ ಹೆಬ್ಬೆರಳಿಗೇ ಸಿಕ್ಕಿಸಿ 97 ಕಂಡರೂ ಪಾದಕ್ಕೆ ಸಾಕಷ್ಟು ರಕ್ತ ಸಿಗುತ್ತಿದೆ ಎಂದು ಹೇಳುವಂತಿಲ್ಲ.

ಮನೆಯ ಆಕ್ಸಿಮೀಟರಿನ ಮರ್ಯಾದೆ

ಹಾಗೆಂದು ಅದನ್ನು ಡಬ್ಬಿಯ ತಳಕ್ಕೆ ತಳ್ಳಬೇಕಿಲ್ಲ, ಸರಿಯಾಗಿ ಬಳಸಿದರೆ ಸಾಕು. ರೋಗಿ ಐದು ನಿಮಿಷ ಸುಮ್ಮನೆ ಕೂತಿರಲಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು. ಕೊಡಗು, ಚಿಕ್ಕಮಗಳೂರಿನ ಮಳೆಗಾಲದ ಬೆಳಗ್ಗೆ ಇದೊಂದೇ ಕಾರಣಕ್ಕೆ ಅಂಕಿ ತಪ್ಪುವುದುಂಟು. ಉಗುರುಬಣ್ಣ ಇರಬಾರದು. ಮದುವೆಮನೆಯ ಗಾಢ ಮದರಂಗಿಯೂ ಬೆಳಕಿಗೆ ಅಡ್ಡ ಬರಬಹುದು, ಬಣ್ಣ ಹತ್ತದ ಬೆರಳನ್ನು ಆರಿಸಿಕೊಳ್ಳಬೇಕು. ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಾಡದಂತೆ ಇಟ್ಟು, ಬಿಸಿಲು ನೇರ ಬೀಳದಂತೆ ನೋಡಿಕೊಂಡು, ಮೊದಲು ಕಂಡ ಅಂಕಿಯನ್ನೇ ಬರೆದುಕೊಳ್ಳದೆ, ಅಂಕಿ ನೆಲೆ ನಿಲ್ಲುವವರೆಗೆ ಕಾಯಬೇಕು. ಪರದೆಯಲ್ಲಿ ಅಲೆ ತೋರಿಸುವ ಸಾಧನವಾದರೆ ಅಲೆಯನ್ನು ಮೊದಲು ನೋಡಬೇಕು. ಒಂದೇ ಲಯದಲ್ಲಿ ಏರಿಳಿಯುವ ಅಲೆ ಇಲ್ಲದಿದ್ದರೆ ಪಕ್ಕದ ಅಂಕಿಗೆ ಅರ್ಥವಿಲ್ಲ. ಎಲ್ಲ ಸರಿಯಿದ್ದಾಗಲೂ ಎರಡು ಮೂರು ಅಂಕ ಆಚೀಚೆ ಆಗುವುದು ಸಹಜ.

ಹಲವು ಮಾದರಿಗಳಲ್ಲಿ ‘ಪಿಐ’ ಎಂಬ ಇನ್ನೊಂದು ಸಣ್ಣ ಅಂಕಿ ಮೂಲೆಯಲ್ಲಿರುತ್ತದೆ. ಅದು ಪರ್ಫ್ಯೂಷನ್ ಇಂಡೆಕ್ಸ್, ಅಂದರೆ ಬೆಳಕಿನಲ್ಲಿ ಮಿಡಿಯುವ ಪಾಲು ಸ್ಥಿರ ಪಾಲಿನ ಶೇಕಡ ಎಷ್ಟು ಎಂಬ ಲೆಕ್ಕ. ಸಾಮಾನ್ಯವಾಗಿ ಇದು 0.02ರಿಂದ 20ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಬಹಳ ಜನ ಗಮನಿಸದ ಈ ಅಂಕಿ ನಿಜಕ್ಕೂ ರಕ್ತ ಹರಿವಿನ ಸುಳಿವು ಕೊಡುತ್ತದೆ. ಒಬ್ಬರ ಪಿಐಯನ್ನು ಇನ್ನೊಬ್ಬರದಕ್ಕೆ ಹೋಲಿಸಬಾರದು, ಚಳಿಗೂ ಅದು ಕುಸಿಯುತ್ತದೆ. ಅದೇ ವ್ಯಕ್ತಿ, ಅದೇ ಬೆರಳು, ಅದೇ ಭಂಗಿಯಲ್ಲಿ ನಿನ್ನೆಗೂ ಇವತ್ತಿಗೂ ಹೋಲಿಸಿದರೆ ಮಾತ್ರ ಅದಕ್ಕೆ ಬೆಲೆ.

ಆಕ್ಸಿಮೀಟರ್ ಮೋಸ ಹೋಗುವ ಸಂದರ್ಭಗಳನ್ನೂ ನೆನಪಿಡಬೇಕು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆಯ ಹೊಗೆ ಕುಡಿದವರ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಂಡಿದ್ದರೂ ಅದು 98 ತೋರಿಸುತ್ತದೆ, ಎರಡೂ ಅದಕ್ಕೆ ಒಂದೇ ಬಣ್ಣ. ರಕ್ತಹೀನತೆ ಇರುವ ಬಾಣಂತಿಯಲ್ಲೂ 98 ಬರುತ್ತದೆ. ಇರುವಷ್ಟು ಹಿಮೋಗ್ಲೋಬಿನ್ ತುಂಬಿದೆ ಎಂದಷ್ಟೇ ಅದರ ಅರ್ಥ, ಸಾಕಷ್ಟು ಹಿಮೋಗ್ಲೋಬಿನ್ ಇದೆ ಎಂದಲ್ಲ.

ಚರ್ಮದ ಬಣ್ಣದ ವಿಷಯವಂತೂ ಈ ನಾಡಿನವರಿಗೆ ನೇರ ಸಂಬಂಧಪಟ್ಟದ್ದು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಆಕ್ಸಿಮೀಟರ್ 92ರಿಂದ 96 ತೋರಿಸಿದ್ದ ಹೊತ್ತಿನಲ್ಲೇ ರಕ್ತ ತೆಗೆದು ನೋಡಿದಾಗ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯ ರೋಗಿಗಳ ಅಳತೆಗಳಲ್ಲಿ ಶೇ 3.6, ಕಪ್ಪು ರೋಗಿಗಳಲ್ಲಿ ಶೇ 11.7. ಚರ್ಮದ ಮೆಲನಿನ್ ಕೂಡ ಬೆಳಕು ನುಂಗುತ್ತದೆ, ಸಾಧನದ ಲೆಕ್ಕ ಕೂಡಿಸುವಾಗ ಅದಕ್ಕೆ ಸಾಕಷ್ಟು ಗಮನ ಕೊಟ್ಟಿರಲಿಲ್ಲ. ಗೋಧಿ ಬಣ್ಣದಿಂದ ಎಣ್ಣೆಗಪ್ಪಿನವರೆಗೆ ಎಲ್ಲ ಛಾಯೆಯ ಜನರಿರುವ ನಾಡಿನಲ್ಲಿ, ಅಂಕಿ ಚೆನ್ನಾಗಿದ್ದೂ ರೋಗಿ ಏದುಸಿರು ಬಿಡುತ್ತಿದ್ದರೆ ರೋಗಿಯನ್ನು ನಂಬಬೇಕು.

ಹೆಬ್ಬೆರಳಿನ ಒತ್ತಡ

ಐಸಿಎಂಆರ್ ನೆರವಿನ ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಅಂದಾಜಿಸಿದಂತೆ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಇವರ ಪಾದಗಳಿಗೆ ಎರಡು ಕಡೆಯಿಂದ ಪೆಟ್ಟು. ನರಗಳು ಸೋತು ನೋವು ಗೊತ್ತಾಗುವುದಿಲ್ಲ. ಚಪ್ಪಲಿಯೊಳಗಿನ ಕಲ್ಲು, ಬಿಸಿಲು ಹೊತ್ತಿನ ಪ್ರದಕ್ಷಿಣೆಯಲ್ಲಿ ಕಾದ ಹಾಸುಗಲ್ಲು ಸುಟ್ಟದ್ದೂ ತಿಳಿಯುವುದಿಲ್ಲ. ಜೊತೆಗೆ ರಕ್ತನಾಳ ಕಿರಿದಾಗಿ, ಆದ ಗಾಯ ಮಾಯುವುದಿಲ್ಲ. ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವುದು ಈ ಕಿರಿದಾಗುವಿಕೆಯ ಮೊದಲ ಗುರುತು. ರಾತ್ರಿ ಮಲಗಿದಾಗ ಪಾದ ನೋಯುತ್ತದೆ, ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತದೆ ಎಂದರೆ ವಿಷಯ ಮುಂದೆ ಹೋಗಿದೆ. ನರ ಸೋತವರಲ್ಲಿ ಈ ಎರಡೂ ಗುರುತು ಇಲ್ಲದೆಯೇ ನೇರ ಗ್ಯಾಂಗ್ರೀನ್ ಕಾಣಿಸಿಕೊಳ್ಳಬಹುದು.

ಕಾಲಿನ ರಕ್ತಸಂಚಾರ ನೋಡಲು ಸಾಮಾನ್ಯವಾಗಿ ಮಾಡುವುದು ಎಬಿಐ ಪರೀಕ್ಷೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಆದರೆ ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಕಣಕಾಲಿನ ಅಪಧಮನಿಯ ಗೋಡೆಗೆ ಸುಣ್ಣ ಕಟ್ಟಿ ಅದು ಕೊಳವೆಯಂತೆ ಗಟ್ಟಿಯಾಗುತ್ತದೆ. ಪಟ್ಟಿ ಎಷ್ಟು ಬಿಗಿದರೂ ನಾಳ ಮುಚ್ಚುವುದಿಲ್ಲ, ಲೆಕ್ಕ 1.3, 1.4 ಬಂದು ಎಲ್ಲ ಸರಿಯಿರುವಂತೆ ತೋರುತ್ತದೆ. ಎಬಿಐ ಚೆನ್ನಾಗಿದೆ ಎಂದು ಮನೆಗೆ ಕಳಿಸಿಕೊಂಡವರು ಬೆರಳು ಕಪ್ಪಾಗಿ ಮರಳುವುದು ಹೀಗೆ.

ಇಲ್ಲಿ ನೆರವಿಗೆ ಬರುವುದು ಬೆಳಕು. ಕಾಲ್ಬೆರಳಿನ ಸಣ್ಣ ನಾಳಗಳಿಗೆ ಸುಣ್ಣ ಕಟ್ಟುವುದು ಕಡಿಮೆ. ಹೆಬ್ಬೆರಳಿನ ಬುಡಕ್ಕೆ ಬಿಪಿ ಪಟ್ಟಿಯದೇ ಪುಟಾಣಿ ರೂಪವೊಂದನ್ನು ಸುತ್ತಿ, ಬೆರಳಿನ ತುದಿಗೆ ಅವಗೆಂಪು ಸೆನ್ಸರನ್ನು ಅಂಟಿಸುತ್ತಾರೆ. ಇದರ ಹೆಸರು ಫೋಟೋಪ್ಲೆತಿಸ್ಮೋಗ್ರಫಿ, ವೈದ್ಯರ ಬಾಯಲ್ಲಿ ಪಿಪಿಜಿ. ಪರದೆಯಲ್ಲಿ ಮಿಡಿತದ ಅಲೆ ಓಡುತ್ತಿರುತ್ತದೆ. ಪಟ್ಟಿಗೆ ಗಾಳಿ ತುಂಬಿದಂತೆ ಅಲೆ ಸಪಾಟಾಗುತ್ತದೆ. ನಿಧಾನವಾಗಿ ಗಾಳಿ ಬಿಟ್ಟಾಗ ಮೊದಲ ಅಲೆ ತಲೆಯೆತ್ತಿದ ಕ್ಷಣದ ಒತ್ತಡವೇ ಬೆರಳಿನ ಒತ್ತಡ, ‘ಟೋ ಪ್ರೆಶರ್’. ಚುಚ್ಚುವುದಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಇದು ತೋಳಿನ ಒತ್ತಡದ 0.7ಕ್ಕಿಂತ ಕಡಿಮೆಯಿದ್ದರೆ ತೊಂದರೆಯಿದೆ. ಅಮೆರಿಕದ ರಕ್ತನಾಳ ಶಸ್ತ್ರತಜ್ಞರ ಸಂಘ 2014ರಲ್ಲಿ ರೂಪಿಸಿದ ‘ವೈಫೈ’ ಎಂಬ ವರ್ಗೀಕರಣದ ಪ್ರಕಾರ ಬೆರಳಿನ ಒತ್ತಡ 60 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ತದ ಕೊರತೆ ಇಲ್ಲ, 30ಕ್ಕಿಂತ ಕಡಿಮೆಯಾದರೆ ಅತ್ಯಂತ ತೀವ್ರ. ಅಂಥ ಪಾದದ ಗಾಯಕ್ಕೆ ದಿನಾ ಡ್ರೆಸ್ಸಿಂಗ್ ಮಾಡಿದರಷ್ಟೇ ಸಾಲದು, ಬಲೂನ್ ಅಥವಾ ಬೈಪಾಸ್ ಮೂಲಕ ರಕ್ತ ಹರಿಸುವ ದಾರಿ ತುರ್ತಾಗಿ ಹುಡುಕಬೇಕು.

ಆದ್ದರಿಂದ ಸಕ್ಕರೆ ಕಾಯಿಲೆಯವರ ಪಾದದಲ್ಲಿ ಗಾಯವಾಗಿದ್ದು ಎರಡು ವಾರಕ್ಕೂ ಮಾಯುವ ಲಕ್ಷಣವಿಲ್ಲದಿದ್ದರೆ, ಡ್ರೆಸ್ಸಿಂಗ್ ಮಾಡುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ‘ಬೆರಳಿನ ಪ್ರೆಶರ್ ನೋಡಿದ್ದೀರಾ ಸಾರ್?’ ಬೆರಳು ಕಪ್ಪಿಟ್ಟಿದ್ದರೆ ಎರಡು ವಾರವಲ್ಲ, ಎರಡು ದಿನವೂ ಕಾಯಬಾರದು. ಈ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದೇ ಇರಬಹುದು. ರಕ್ತನಾಳ ತಜ್ಞರಿರುವ ಕಡೆ, ಪಾದ ಚಿಕಿತ್ಸೆಯ ವಿಭಾಗವಿರುವ ಕಡೆ ವಿಚಾರಿಸಬೇಕು. ಬೆಂಗಳೂರಿನ ಸರ್ಕಾರಿ ಸ್ವಾಯತ್ತ ಸಂಸ್ಥೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೊಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಮೂಳೆ ತೂರಿದ ಬೆಳಕು

ಮಿಡಿತವೇ ಇಲ್ಲದ ಕಡೆ ಏನು ಮಾಡುವುದು? ಈ ಪ್ರಶ್ನೆಗೆ ದಾರಿ ತೋರಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್. ಮನೆಯ ಊಟದ ಮೇಜಿನಲ್ಲಿ ಉಳಿದ ಮಾಂಸದ ಚಪ್ಪಟೆ ಮೂಳೆಯೊಂದನ್ನು ಬೆಳಕಿಗೆ ಹಿಡಿದಾಗ ಕೆಂಪು ಬೆಳಕು ಅದರ ಮೂಲಕ ಹಾಯ್ದು ಬರುವುದನ್ನು ಅವರು ಕಂಡರು. ಮೂಳೆಯನ್ನೇ ತೂರುವುದಾದರೆ ತಲೆಬುರುಡೆಯನ್ನೂ ತೂರಬೇಕಲ್ಲ! 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನ, ಬುರುಡೆ ಬಿಚ್ಚದೆ ಮಿದುಳಿನ ಆಮ್ಲಜನಕ ನೋಡುವ ವಿದ್ಯೆಗೆ ಬುನಾದಿ ಹಾಕಿತು. ಇದನ್ನು ನಿರ್ಸ್ ಎನ್ನುತ್ತಾರೆ, ಅಂದರೆ ಸಮೀಪದ ಅವಗೆಂಪು ಬೆಳಕಿನ ರೋಹಿತಮಾಪನ.

ನಿರ್ಸ್ ಸೆನ್ಸರ್ ಬೆರಳಿನ ಆಚೆ ಬದಿಗೆ ಬೆಳಕು ಹಾಯಿಸುವುದಿಲ್ಲ. ಚರ್ಮದ ಮೇಲೆ ಅಂಟಿಸಿದ ಪಟ್ಟಿಯ ಒಂದು ತುದಿಯಿಂದ ಬೆಳಕು ಒಳಗಿಳಿಯುತ್ತದೆ, ಚದುರಿ ಚದುರಿ ಅದರ ಒಂದಂಶ ಇನ್ನೊಂದು ತುದಿಯಲ್ಲಿ ಮೇಲೆ ಬರುತ್ತದೆ. ಅದು ಹಾದುಬಂದ ದಾರಿಯ ಆಕಾರವನ್ನು ಭೌತವಿಜ್ಞಾನಿಗಳು ಬಾಳೆಹಣ್ಣಿಗೆ ಹೋಲಿಸುತ್ತಾರೆ. ಎರಡು ತುದಿಗಳ ನಡುವಿನ ಅಂತರದ ಹೆಚ್ಚುಕಡಿಮೆ ಅರ್ಧದಷ್ಟು ಆಳವನ್ನು ಅದು ಮುಟ್ಟಿ ಬರುತ್ತದೆ. 4 ಸೆಂಟಿಮೀಟರ್ ಅಂತರವಿದ್ದರೆ ಸುಮಾರು 2 ಸೆಂಟಿಮೀಟರ್. ದಾರಿಯಲ್ಲಿ ಸಿಗುವ ರಕ್ತದ ಬಹುಪಾಲು, ಮುಕ್ಕಾಲು ಭಾಗದ ಹತ್ತಿರ, ಆಮ್ಲಜನಕ ಕೊಟ್ಟು ಮರಳುತ್ತಿರುವ ರಕ್ತ. ಅಂದರೆ ಈ ಅಂಕಿ ಜಲಾಶಯದ್ದಲ್ಲ, ಗದ್ದೆಯ ಕೊನೆಯ ಬದುವಿನಲ್ಲಿ ಉಳಿದ ನೀರಿನದ್ದು. ಆದ್ದರಿಂದಲೇ ಆರೋಗ್ಯವಂತರಲ್ಲೂ ಇದು ಸಾಮಾನ್ಯವಾಗಿ 60ರಿಂದ 80ರೊಳಗೆ ಇರುತ್ತದೆ. ಐಸಿಯುನಲ್ಲಿ ಮಗನ ಹಣೆಯ ಪಟ್ಟಿಯ ಪರದೆಯಲ್ಲಿ 68 ಕಂಡು, ‘ಕೋವಿಡ್ ಕಾಲದಲ್ಲಿ 90ಕ್ಕೇ ಆಸ್ಪತ್ರೆಗೆ ಸೇರಿಸಿದ್ದರಲ್ಲ’ ಎಂದು ತಾಯಿ ಕಂಗಾಲಾಗಬೇಕಿಲ್ಲ. ಎರಡೂ ಬೇರೆ ಬೇರೆ ತಕ್ಕಡಿ.

ಈ ತಕ್ಕಡಿ ನಿಜಕ್ಕೂ ಕೈ ಹಿಡಿದಿರುವುದು ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ. ಗುಟ್ಕಾ, ಹೊಗೆಸೊಪ್ಪಿನ ಎಲೆಅಡಿಕೆಯಿಂದ ಬಾಯಿ ಕ್ಯಾನ್ಸರ್ ಬಂದು ದವಡೆ ತೆಗೆದವರಿಗೆ, ಕಾಲಿನ ಸಣ್ಣ ಮೂಳೆಯನ್ನು ಮಾಂಸ, ಚರ್ಮ, ರಕ್ತನಾಳಗಳ ಸಮೇತ ಎತ್ತಿ ತಂದು ಹೊಸ ದವಡೆ ಕಟ್ಟುತ್ತಾರೆ. ಎರಡು ಮೂರು ಮಿಲಿಮೀಟರಿನ ನಾಳಗಳನ್ನು ಸೂಕ್ಷ್ಮದರ್ಶಕದಡಿ ಕೂದಲಿಗಿಂತ ಸಣ್ಣ ದಾರದಿಂದ ಕುತ್ತಿಗೆಯ ನಾಳಗಳಿಗೆ ಹೊಲಿಯುತ್ತಾರೆ. ಹೀಗೆ ನೆಟ್ಟ ತುಂಡಿಗೆ ಫ್ಲ್ಯಾಪ್ ಎಂದು ಹೆಸರು. ಬೇರೆ ಹೊಲದಿಂದ ಕಿತ್ತು ತಂದು ನೆಟ್ಟ ಸಸಿಯಂತೆ, ಬೇರಿಗೆ ನೀರು ಹತ್ತಿತೇ ಎಂಬುದೇ ಮೊದಲ ಮೂರು ದಿನದ ಚಿಂತೆ. ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಆ ಅವಧಿಯಲ್ಲೇ. ಬೇಗ ಗೊತ್ತಾದರೆ ಮತ್ತೆ ಆಪರೇಷನ್ ಕೊಠಡಿಗೆ ಒಯ್ದು ಹೆಪ್ಪು ತೆಗೆದು ಉಳಿಸಬಹುದು, ಗಂಟೆಗಳು ಕಳೆದರೆ ಇಡೀ ತುಂಡು ಸಾಯುತ್ತದೆ.

ಫ್ಲ್ಯಾಪ್ ಕಾಯುವ ಕೆಲಸ ಬಹಳ ಹಳೆಯದು. ಅದರ ಒಂದು ಎಳೆ ಮೈಸೂರಿನ ಇತಿಹಾಸಕ್ಕೂ ತಾಗಿದೆ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡಿದ್ದ. ಪುಣೆಯ ಬಳಿ ಮರಾಠ ಕಸುಬುದಾರನೊಬ್ಬ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ ಚಿತ್ರ, ವಿವರಣೆ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ನಲ್ಲಿ ಅಚ್ಚಾಗಿ ಯುರೋಪಿನ ವೈದ್ಯರ ಕಣ್ಣು ತೆರೆಸಿತು. ಆ ಮೂಗು ಬದುಕಿದ್ದು ಚರ್ಮದ ಬುಡವನ್ನು ಪೂರ್ತಿ ಕತ್ತರಿಸದೆ ರಕ್ತದ ದಾರಿ ಉಳಿಸಿಕೊಂಡಿದ್ದರಿಂದ. ಅದನ್ನು ಕಾದದ್ದು ಬರಿಗಣ್ಣು.

ಇಂದಿಗೂ ವಾರ್ಡಿನ ನರ್ಸ್ ಮೊದಲ ದಿನ ಗಂಟೆಗೊಮ್ಮೆ ಬಂದು ನೋಡುವುದು ಬಣ್ಣ, ಬಿಸಿ, ಊತವನ್ನೇ. ಬಿಳುಚಿ ತಣ್ಣಗಾದರೆ ಒಳಬರುವ ರಕ್ತ ನಿಂತಿದೆ. ನೀಲಿಗಟ್ಟಿ ಉಬ್ಬಿದರೆ ಹೊರಹೋಗುವ ದಾರಿ ಕಟ್ಟಿದೆ. ಎರಡನೆಯದಕ್ಕೆ ಕೆಲವೊಮ್ಮೆ ಜಿಗಣೆ ಬಿಟ್ಟು ರಕ್ತ ಹೀರಿಸುವುದೂ ಉಂಟು. ಮಲೆನಾಡಿನವರು ಇಂಬಳಕ್ಕೆ ಸುಣ್ಣ ಹಚ್ಚಿ ಕೀಳುತ್ತ ಬೆಳೆದವರಾದರೂ, 2004ರಲ್ಲಿ ಅಮೆರಿಕದ ಎಫ್‌ಡಿಎ ಜಿಗಣೆಯನ್ನು ವೈದ್ಯಕೀಯ ಸಾಧನವಾಗಿ ಮಾರಲು ಅನುಮತಿ ಕೊಟ್ಟಿದೆ. ಆದರೆ ನಡುರಾತ್ರಿ ಮಂದ ದೀಪದಲ್ಲಿ, ಕಪ್ಪು ಚರ್ಮದ ಮೇಲೆ, ಬಾಯಿಯ ಒಳಗೆ ಹೂತಿರುವ ತುಂಡಿನ ಬಣ್ಣ ಕಂಡುಹಿಡಿಯುವುದು ಎಷ್ಟು ಅನುಭವವಿದ್ದರೂ ಕಷ್ಟ. ಅಂಟಿಸಿಟ್ಟ ನಿರ್ಸ್ ಸೆನ್ಸರ್ ರಾತ್ರಿಯಿಡೀ ಗೆರೆ ಬರೆಯುತ್ತಿರುತ್ತದೆ. ಅಂಕಿ 55 ಇದೆಯೋ 65 ಇದೆಯೋ ಎಂಬುದು ಮುಖ್ಯವಲ್ಲ, ಒಂದೇ ಮಟ್ಟದಲ್ಲಿದ್ದ ಗೆರೆ ಗಂಟೆಯೊಳಗೆ ಇಪ್ಪತ್ತರಷ್ಟು ಜಾರಿ ಮೇಲೇಳದಿದ್ದರೆ ಅದು ಗಂಟೆ ಬಾರಿಸಿದಂತೆ. ಹೊರದಾರಿ ಕಟ್ಟಿದ್ದರೆ ಒಟ್ಟು ಹಿಮೋಗ್ಲೋಬಿನ್ ಏರುತ್ತದೆ, ಒಳದಾರಿ ಕಟ್ಟಿದ್ದರೆ ಏರುವುದಿಲ್ಲ ಎಂಬ ಸುಳಿವೂ ಅದೇ ಬೆಳಕಿನಲ್ಲಿದೆ. ಕಣ್ಣಿಗೆ ಬಣ್ಣ ಕಾಣುವ ಮೊದಲೇ ಗೆರೆ ಹೇಳುತ್ತದೆ ಎಂಬುದೇ ಇದರ ಲಾಭ.

ಜೊತೆಗಿರುವವರು ಮಾಡಬಹುದಾದ್ದು ಏನು? ಸೆನ್ಸರ್ ಪಟ್ಟಿ ಸಡಿಲವಾದರೆ, ಅಂಚಿನಲ್ಲಿ ರಕ್ತ ಒಸರಿ ಒಣಗಿದರೆ ಅಂಕಿ ಕೆಡುತ್ತದೆ, ತಾವೇ ಒತ್ತಿ ಸರಿಮಾಡದೆ ನರ್ಸಿಗೆ ಹೇಳಬೇಕು. ಕುತ್ತಿಗೆ ತಿರುಗಿಸಬಾರದೆಂದರೆ ನಿಜಕ್ಕೂ ತಿರುಗಿಸಬಾರದು, ಮಡಿಚಿದ ನಾಳಕ್ಕೆ ಹೆಪ್ಪು ಬೇಗ ಕಟ್ಟುತ್ತದೆ. ಬೀಡಿ, ಸಿಗರೇಟು ರೋಗಿಗೂ ಬೇಡ, ಪಕ್ಕದಲ್ಲಿ ಕೂತವರಿಗೂ ಬೇಡ. ಆಸ್ಪತ್ರೆಯಲ್ಲಿ ಈ ಸಾಧನ ಇಲ್ಲವೆಂದು ಎದೆಗುಂದಬೇಕಿಲ್ಲ. ಸೆನ್ಸರುಗಳು ದುಬಾರಿ, ಇಲ್ಲದೆಯೂ ಬಹುಪಾಲು ಫ್ಲ್ಯಾಪುಗಳು ಬದುಕುತ್ತಿವೆ. ರಾತ್ರಿ ಯಾರು, ಎಷ್ಟು ಹೊತ್ತಿಗೊಮ್ಮೆ ನೋಡುತ್ತಾರೆ ಎಂದು ಕೇಳುವುದು ಸಾಧನವಿದೆಯೇ ಎಂದು ಕೇಳುವುದಕ್ಕಿಂತ ಮೇಲು.

ಹಸಿರು ಬಣ್ಣ, ನೀಲಿ ಹೊಳಪು

ಆಪರೇಷನ್ ಕೊಠಡಿಯೊಳಗೆ ಇನ್ನೊಂದು ಬೆಳಕಿದೆ. ಇಂಡೋಸಯನೈನ್ ಗ್ರೀನ್ ಎಂಬ ಹಸಿರು ಬಣ್ಣವನ್ನು ರಕ್ತನಾಳಕ್ಕೆ ಕೊಟ್ಟು ಅವಗೆಂಪು ಹಾಯಿಸಿದರೆ, ರಕ್ತ ತಲುಪಿದ ಭಾಗವೆಲ್ಲ ವಿಶೇಷ ಕ್ಯಾಮೆರಾದಲ್ಲಿ ಹೊಳೆಯುತ್ತದೆ. ಕರುಳಿನ ತುಂಡು ತೆಗೆದು ಎರಡು ತುದಿಗಳನ್ನು ಹೊಲಿಯುವ ಮೊದಲು, ಎಲ್ಲಿಯವರೆಗೆ ಜೀವವಿದೆ ಎಂದು ಸರ್ಜನ್ ಕಣ್ಣಾರೆ ಕಾಣಬಹುದು. 1959ರಿಂದ ಬಳಕೆಯಲ್ಲಿರುವ ಬಣ್ಣವಿದು, ರಕ್ತದಲ್ಲಿ ಮೂರು ನಾಲ್ಕು ನಿಮಿಷಕ್ಕೆ ಅರ್ಧವಾಗಿ, ಯಕೃತ್ತಿನ ಮೂಲಕ ಹೊರಹೋಗುತ್ತದೆ. ಅಯೋಡಿನ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು.

ರಕ್ತ ತಲುಪಿತು ಎಂದಿಟ್ಟುಕೊಳ್ಳೋಣ, ಜೀವಕೋಶ ಅದನ್ನು ಬಳಸಿಕೊಂಡಿತೇ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬ್ರಿಟನ್ ಚಾನ್ಸ್, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನವನ್ನೂ ಗೆದ್ದಿದ್ದ ವಿಜ್ಞಾನಿ, ಇದನ್ನು ಬೆಳಕಿನಿಂದಲೇ ಕೇಳಿದರು. ಕೋಶದೊಳಗೆ ಶಕ್ತಿಯ ಸರಕು ಸಾಗಿಸುವ ಎನ್‌ಎಡಿಎಚ್ ಎಂಬ ಅಣು ನೇರಳಾತೀತ ಬೆಳಕು ಬಿದ್ದಾಗ ನೀಲಿಯಾಗಿ ಹೊಳೆಯುತ್ತದೆ. ಸರಕು ಇಳಿಸಿದ ಮೇಲೆ ಹೊಳೆಯುವುದಿಲ್ಲ. ಆಮ್ಲಜನಕ ನಿಂತರೆ ಸರಕು ಇಳಿಸುವ ಜಾಗವೇ ಇರುವುದಿಲ್ಲ, ಹೊಳಪು ಹೆಚ್ಚುತ್ತದೆ. ಉಸಿರುಗಟ್ಟಿದ ಕೋಶ ಹೀಗೆ ತಾನೇ ಬೆಳಗಿ ಸುದ್ದಿ ಕೊಡುತ್ತದೆ. ಈ ಬೆಳಕು ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಇದಿನ್ನೂ ಹೆಚ್ಚಾಗಿ ಸಂಶೋಧನೆಯ ಕೈಯಲ್ಲೇ ಇದೆ.

ಸಾಧನ ಹೊಸದು ಎಂದ ಮಾತ್ರಕ್ಕೆ ಜೀವ ಉಳಿಸುತ್ತದೆ ಎಂದಲ್ಲ. 28 ವಾರಕ್ಕೂ ಮುಂಚೆ ಹುಟ್ಟಿದ ಶಿಶುಗಳ ಮಿದುಳಿಗೆ ನಿರ್ಸ್ ಕಾವಲಿಟ್ಟ ‘ಸೇಫ್‌ಬೂಸ್ಕ್-3’ ಪ್ರಯೋಗದಲ್ಲಿ 1601 ಶಿಶುಗಳಿದ್ದವು. 2023ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ಅಥವಾ ತೀವ್ರ ಮಿದುಳು ಹಾನಿ ಕಾವಲಿದ್ದ ಗುಂಪಿನಲ್ಲಿ ಶೇ 35.2, ಇಲ್ಲದ ಗುಂಪಿನಲ್ಲಿ ಶೇ 34. ವ್ಯತ್ಯಾಸವಿಲ್ಲ. ಅಂಕಿ ಕಂಡ ಮೇಲೆ ಏನು ಮಾಡಬೇಕೆಂಬುದು ಗಟ್ಟಿಯಾಗಿ ಗೊತ್ತಿದ್ದಾಗಲಷ್ಟೇ ಅಂಕಿಯಿಂದ ಪ್ರಯೋಜನ. ಫ್ಲ್ಯಾಪಿನಲ್ಲಿ ಅದು ಗೊತ್ತಿದೆ, ಎಳೆ ಶಿಶುವಿನ ಮಿದುಳಿನಲ್ಲಿ ಇನ್ನೂ ಸ್ಪಷ್ಟವಾಗಿಲ್ಲ.

ಮೂಳೆ ಮುರಿದಾಗ ಹಾಕುವ ಬಿಗಿ ಕಟ್ಟಿನ ವಿಷಯಕ್ಕೆ ಬಂದರೆ ಬೆಳಕಿನ ಪರೀಕ್ಷೆಗೆಂದು ಕಾಯಲೇಬಾರದು. ಮುರಿದ ಕೈಗೆ ಹಾಕಿದ ಪ್ಲಾಸ್ಟರಾಗಲಿ, ನಾಟಿ ವೈದ್ಯರು ಬಿದಿರು ಸೀಳಿಟ್ಟು ಬಿಗಿದ ಕಟ್ಟಾಗಲಿ, ಒಳಗೆ ಊತ ಹೆಚ್ಚಿ ಸ್ನಾಯುವಿನ ಸೂಕ್ಷ್ಮ ನಾಳಗಳನ್ನು ಹಿಸುಕಬಹುದು. ದೊಡ್ಡ ಅಪಧಮನಿ ಆಗಲೂ ಮಿಡಿಯುತ್ತಿರುತ್ತದೆ, ಬೆರಳ ತುದಿಯ ಆಕ್ಸಿಮೀಟರ್ 98 ತೋರಿಸುತ್ತಲೇ ಇರುತ್ತದೆ. ಮಾತ್ರೆಗೂ ಬಗ್ಗದ ನೋವು, ಬೆರಳನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿದರೆ ಚೀರುವಷ್ಟು ನೋವು, ಜೋಮು: ಇಷ್ಟಿದ್ದರೆ ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಓಡಬೇಕು. ಪೂರ್ತಿ ರಕ್ತ ನಿಂತ ಸ್ನಾಯು ಸುಮಾರು ಆರು ಗಂಟೆ ಮಾತ್ರ ತಾಳುತ್ತದೆ. ಒಂದು ಕಾಲು ಹಠಾತ್ತನೆ ತಣ್ಣಗಾಗಿ, ಬಿಳುಚಿ, ಅಲುಗಾಡಿಸಲು ಆಗದಿದ್ದರೂ ಇದೇ ಗಡುವು.

ಯಾವ ಸಾಧನವೂ ಇಲ್ಲದ ಮನೆಯಲ್ಲಿ ಒಂದು ಪರೀಕ್ಷೆ ಇದ್ದೇ ಇದೆ, ಅದೂ ಬೆಳಕಿನದ್ದೇ. ಹಗಲು ಬೆಳಕಿನಲ್ಲಿ ಉಗುರನ್ನು ಐದು ಸೆಕೆಂಡು ಒತ್ತಿ ಬಿಡಬೇಕು. ಬಿಳುಚಿದ ಜಾಗಕ್ಕೆ ಎರಡು ಸೆಕೆಂಡಿನಲ್ಲಿ, ವಯಸ್ಸಾದವರಲ್ಲಿ ತುಸು ತಡವಾಗಿ, ಕೆಂಪು ಮರಳಬೇಕು. ಎರಡೂ ಪಾದದ ಬೆರಳುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬೇಕು, ಹಿಂಗೈಯಿಂದ ಮುಟ್ಟಿ ಬಿಸಿ ನೋಡಬೇಕು, ಬೆರಳ ಸಂದಿ ಬಿಡಿಸಿ ನೋಡಬೇಕು. ಶುಗರ್ ಬರೆದಿಡುವ ಪುಸ್ತಕದಲ್ಲೇ ಪಾದಕ್ಕೊಂದು ಪುಟ ಮಾಡಿ, ಆಸ್ಪತ್ರೆಯಲ್ಲಿ ನೋಡಿದ ಬೆರಳಿನ ಒತ್ತಡವನ್ನು ಎಡ, ಬಲ ಎಂದು ತಾರೀಖಿನ ಜೊತೆ ಬರೆದಿಡುವುದು ಒಳ್ಳೆಯದು. ಬಲೂನ್ ಚಿಕಿತ್ಸೆ ಆದ ಮೇಲೆ ಅದೇ ಬೆರಳಿಗೆ ಅದೇ ಸೆನ್ಸರ್ ಅಂಟಿಸಿ ಮತ್ತೆ ನೋಡುತ್ತಾರೆ. ಆಗ ಹಳೆಯ ಅಂಕಿ ಕೈಯಲ್ಲಿದ್ದರೆ, ಪರದೆಯಲ್ಲಿ ನಿನ್ನೆಯವರೆಗೆ ಸಪಾಟಾಗಿ ಮಲಗಿದ್ದ ಗೆರೆ ಎಷ್ಟು ಎದ್ದಿದೆ ಎಂಬುದನ್ನು ವೈದ್ಯರ ಜೊತೆ ಮನೆಯವರೂ ನೋಡಿ ಹೇಳಬಹುದು.